ಅಂಕಕ್ಕಾಗಿ ಕಲಿತ ಭಾಷೆ

ಬೆಂಗಳೂರಿನವರಿಗೆ ಫ್ರೆಂಚ್ ಹೊಸತಲ್ಲ. ಪಿಯುಸಿಯಲ್ಲಿ ಭಾಷಾ ವಿಷಯವಾಗಿ ಅದನ್ನು ಆಯ್ದುಕೊಂಡವರು ಪ್ರತಿ ಪೀಳಿಗೆಯಲ್ಲೂ ಇದ್ದಾರೆ. ಆ ಆಯ್ಕೆಯ ಹಿಂದೆ ಫ್ರೆಂಚ್ ಸಾಹಿತ್ಯದ ಮೇಲಿನ ಒಲವಿಗಿಂತ ಹೆಚ್ಚಾಗಿ, ಅದರಲ್ಲಿ ಅಂಕ ಸಲೀಸಾಗಿ ಬರುತ್ತದೆ ಎಂಬ ಲೆಕ್ಕಾಚಾರವೇ ಇರುತ್ತಿತ್ತು. ಪರೀಕ್ಷೆ ಮುಗಿದೊಡನೆ ಭಾಷೆಯೂ ಮರೆತುಹೋಗುತ್ತಿತ್ತು. ಈಗ ನಗರದ ಫ್ರೆಂಚ್ ತರಗತಿಗಳಲ್ಲಿ ಇನ್ನೊಂದು ಬಗೆಯ ವಿದ್ಯಾರ್ಥಿಗಳು ಕಾಣಸಿಗುತ್ತಾರೆ. ಮೂವತ್ತು ದಾಟಿದ ಎಂಜಿನಿಯರುಗಳು, ನರ್ಸುಗಳು, ಲೆಕ್ಕಪರಿಶೋಧಕರು ದಿನದ ಕೆಲಸ ಮುಗಿಸಿಕೊಂಡು ಬಂದು ಕ್ರಿಯಾಪದಗಳ ರೂಪಗಳನ್ನು ಬಾಯಿಪಾಠ ಮಾಡುತ್ತಾರೆ. ಇವರಿಗೂ ಬೇಕಿರುವುದು ಅಂಕವೇ. ಆದರೆ ಆ ಅಂಕಗಳನ್ನು ಕೂಡಿ ಕಳೆದು ಬಾಗಿಲು ತೆರೆಯುವುದು ಕೆನಡಾ ಸರ್ಕಾರ. ಎರಡು ವರ್ಷಗಳಿಂದ ನಾನೂ ಆ ಗುಂಪಿನಲ್ಲಿ ಒಬ್ಬ.

ಮೊದಲು ಈ ಲೆಕ್ಕವನ್ನು ವಿವರಿಸಬೇಕು. ಕೆನಡಾ 2015ರ ಜನವರಿಯಲ್ಲಿ ‘ಎಕ್ಸ್‌ಪ್ರೆಸ್ ಎಂಟ್ರಿ’ ಎಂಬ ವಲಸೆ ವ್ಯವಸ್ಥೆಯನ್ನು ಜಾರಿಗೆ ತಂದಿತು. ವಯಸ್ಸು, ವಿದ್ಯಾರ್ಹತೆ, ಅನುಭವ, ಭಾಷಾಜ್ಞಾನ ಎಲ್ಲಕ್ಕೂ ಇಲ್ಲಿ ಅಂಕವಿದೆ. ಹೆಚ್ಚು ಅಂಕ ಗಳಿಸಿದವರಿಗೆ ಕಾಯಂ ವಾಸಕ್ಕೆ ಅರ್ಜಿ ಸಲ್ಲಿಸುವಂತೆ ಆಹ್ವಾನ ಬರುತ್ತದೆ. 20ರಿಂದ 29ರ ವಯೋಮಾನದವರಿಗೆ ವಯಸ್ಸಿನ ಪೂರ್ಣ ಅಂಕ. ಅಲ್ಲಿಂದ ಮುಂದೆ ಪ್ರತಿ ಹುಟ್ಟುಹಬ್ಬಕ್ಕೂ ಅಂಕ ಇಳಿಯುತ್ತ ಹೋಗಿ, 45ಕ್ಕೆ ಸೊನ್ನೆಯಾಗುತ್ತದೆ. ನನಗೆ ಈಗ 38. ಪತ್ನಿಯೊಂದಿಗೆ ಅರ್ಜಿ ಹಾಕುವ ನನ್ನಂಥವನಿಗೆ ವಯಸ್ಸಿನ ನೂರು ಅಂಕಗಳಲ್ಲಿ ಉಳಿದಿರುವುದು 55. ಉದ್ಯೋಗದ ಭರವಸೆಪತ್ರಕ್ಕೆ ಸಿಗುತ್ತಿದ್ದ ಅಂಕಗಳನ್ನು 2025ರ ಮಾರ್ಚ್‌ನಲ್ಲಿ ತೆಗೆದುಹಾಕಲಾಯಿತು. ಇಂಗ್ಲಿಷಿನ ಅಂಕ ಏರುವುದಕ್ಕೂ ಒಂದು ಮಿತಿಯುಂಟು. ಹೀಗೆ ಎಲ್ಲ ಬಾಗಿಲುಗಳೂ ಕಿರಿದಾಗುತ್ತಿದ್ದಾಗ ತೆರೆದೇ ಉಳಿದದ್ದು ಫ್ರೆಂಚ್.

ಆ ಬಾಗಿಲು ಎಷ್ಟು ಅಗಲವೆಂಬುದಕ್ಕೆ ಒಂದು ನಿದರ್ಶನ ಸಾಕು. 2023ರಿಂದ ಕೆನಡಾ ಫ್ರೆಂಚ್ ಬಲ್ಲವರಿಗಾಗಿಯೇ ಪ್ರತ್ಯೇಕ ಆಯ್ಕೆ ಸುತ್ತುಗಳನ್ನು ನಡೆಸುತ್ತ ಬಂದಿದೆ. 2024ರ ಫೆಬ್ರುವರಿ 29ರ ಅಂಥ ಸುತ್ತಿನಲ್ಲಿ 336 ಅಂಕ ಗಳಿಸಿದವರಿಗೂ ಆಹ್ವಾನ ಸಿಕ್ಕಿತು. ಅದೇ ತಿಂಗಳ ಸಾಮಾನ್ಯ ಸುತ್ತುಗಳಲ್ಲಿ 530 ಅಂಕ ಪಡೆದವರೂ ಹೊರಗುಳಿದಿದ್ದರು. ಸುಮಾರು ಇನ್ನೂರು ಅಂಕಗಳ ಈ ಅಂತರವೇ ಬಸವನಗುಡಿಯಿಂದ ಯಲಹಂಕದವರೆಗೆ ಸಂಜೆಯ ತರಗತಿಗಳನ್ನು ತುಂಬಿಸುತ್ತಿದೆ.

ಕೆನಡಾ ಇಷ್ಟೊಂದು ರಿಯಾಯಿತಿ ಕೊಡುವುದು ಔದಾರ್ಯದಿಂದಲ್ಲ, ಆತಂಕದಿಂದ. ಕ್ವಿಬೆಕ್ ಪ್ರಾಂತದ ಹೊರಗೆ ಫ್ರೆಂಚ್ ನುಡಿಯುವವರ ಪ್ರಮಾಣ 1971ರ ಜನಗಣತಿಯಲ್ಲಿ ಶೇ 6.1ರಷ್ಟಿತ್ತು. 2021ರ ಹೊತ್ತಿಗೆ ಅದು ಶೇ 3.3ಕ್ಕೆ ಇಳಿಯಿತು. ಈ ಕುಸಿತ ತಾನಾಗಿಯೇ ಸಂಭವಿಸಿದ್ದಲ್ಲ. ಮ್ಯಾನಿಟೋಬ ಪ್ರಾಂತ 1890ರಲ್ಲಿ ಫ್ರೆಂಚ್ ಭಾಷೆಯ ಅಧಿಕೃತ ಸ್ಥಾನವನ್ನೇ ಕಿತ್ತುಕೊಂಡಿತು. ಅದು ಸಂವಿಧಾನಬಾಹಿರವೆಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1979ರಲ್ಲಿ. ಒಂಟಾರಿಯೊ 1912ರಲ್ಲಿ ಶಾಲೆಗಳಲ್ಲಿ ಫ್ರೆಂಚ್ ಬೋಧನೆಯನ್ನು ಮೊದಲ ಎರಡು ವರ್ಷಗಳಿಗೆ ಸೀಮಿತಗೊಳಿಸಿತು. ಇಂಥ ಕ್ರಮಗಳಿಂದ ಎರಡು ಮೂರು ಪೀಳಿಗೆಗಳ ಮಕ್ಕಳು ಮನೆಮಾತನ್ನು ಕಳೆದುಕೊಂಡರು. ಈಗ 2023ರ ಕಾನೂನು 1971ರ ಪ್ರಮಾಣವನ್ನು ಮರಳಿ ಸಾಧಿಸುವ ಗುರಿ ಹಾಕಿಕೊಂಡಿದೆ. ಅಲ್ಲಿನ ಮಕ್ಕಳಿಂದ ಕಸಿದ ಭಾಷೆಯ ಜಾಗವನ್ನು ಡಾಕಾರ್, ಕಸಬ್ಲಾಂಕ, ಬೆಂಗಳೂರುಗಳಿಂದ ಬಂದವರು ತುಂಬಬೇಕಾಗಿದೆ. ತಿಪಟೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಾನು, ಅಟ್ಲಾಂಟಿಕ್‌ನ ಆಚೆ ನೂರು ವರ್ಷಗಳ ಹಿಂದೆ ನಡೆದ ಅನ್ಯಾಯವೊಂದರ ಪರಿಹಾರದ ಭಾಗವಾಗಿದ್ದೇನೆಂದು ತಿಳಿದಾಗ ಅಚ್ಚರಿಯಾಯಿತು.

ಪರೀಕ್ಷೆಗಳು ಎರಡಿವೆ. ‘ಟೆಫ್ ಕೆನಡಾ’ವನ್ನು ಪ್ಯಾರಿಸ್ಸಿನ ವಾಣಿಜ್ಯೋದ್ಯಮ ಸಂಸ್ಥೆಯೂ ‘ಟಿಸಿಎಫ್ ಕೆನಡಾ’ವನ್ನು ಫ್ರಾನ್ಸಿನ ಶಿಕ್ಷಣ ಇಲಾಖೆಗೆ ಸೇರಿದ ಸಂಸ್ಥೆಯೂ ನಡೆಸುತ್ತವೆ. ಕೆನಡಾದ ಬಾಗಿಲಿಗೆ ಕೀಲಿಕೈ ತಯಾರಾಗುವುದು ಫ್ರಾನ್ಸಿನಲ್ಲಿ ಎಂಬುದು ಸ್ವಾರಸ್ಯದ ಸಂಗತಿ. ನಾನು ತೆಗೆದುಕೊಂಡದ್ದು ಟೆಫ್. ಓದಿ ಅರ್ಥೈಸಿಕೊಳ್ಳಲು ಅರವತ್ತು ನಿಮಿಷ, ಕೇಳಿ ಅರ್ಥೈಸಿಕೊಳ್ಳಲು ನಲವತ್ತು, ಬರೆಯಲು ಅರವತ್ತು, ಮಾತನಾಡಲು ಹದಿನೈದು. ಬರವಣಿಗೆಯಲ್ಲಿ ಅರ್ಧಕ್ಕೆ ನಿಂತ ಸುದ್ದಿಯೊಂದನ್ನು ಮುಂದುವರಿಸಬೇಕು. ಬಳಿಕ ಪತ್ರಿಕೆಗೆ ಓದುಗನೊಬ್ಬ ಬರೆಯುವಂತೆ ಪತ್ರ ಬರೆದು ತನ್ನ ಅಭಿಪ್ರಾಯವನ್ನು ಸಮರ್ಥಿಸಬೇಕು. ಮಾತಿನ ಪರೀಕ್ಷೆಯಲ್ಲಿ ಜಾಹೀರಾತೊಂದನ್ನು ನೋಡಿ ಅಪರಿಚಿತನಿಗೆ ದೂರವಾಣಿ ಕರೆ ಮಾಡಿದಂತೆ ಪ್ರಶ್ನೆಗಳನ್ನು ಕೇಳಬೇಕು. ಆಮೇಲೆ ಸ್ನೇಹಿತನೊಬ್ಬನನ್ನು ಯಾವುದಾದರೂ ಕೆಲಸಕ್ಕೆ ಒಪ್ಪಿಸಬೇಕು. ಅಪರಿಚಿತನೂ ಸ್ನೇಹಿತನೂ ಎದುರಿಗೆ ಕುಳಿತ ಪರೀಕ್ಷಕರೇ.

ಇಲ್ಲಿ ಕನ್ನಡಿಗನಿಗೆ ಒಂದು ಅನುಕೂಲವಿದೆ. ಅಪರಿಚಿತನಿಗೆ ‘ವೂ’, ಸ್ನೇಹಿತನಿಗೆ ‘ತ್ಯು’ ಎನ್ನಬೇಕೆಂಬುದನ್ನು ಇಂಗ್ಲಿಷ್ ಮಾತ್ರ ಬಲ್ಲವರಿಗೆ ಹೇಳಿಕೊಡಲು ವಾರಗಳೇ ಹಿಡಿಯುತ್ತವೆ. ‘ನೀವು’, ‘ನೀನು’ಗಳ ನಡುವೆ ಬೆಳೆದ ನಮಗೆ ಅದು ಪಾಠವೇ ಅಲ್ಲ. ಎರಡು ಪದಗಳು ಕೂಡುವಾಗ ಮಲಗಿದ್ದ ವ್ಯಂಜನ ಎದ್ದು ಕೂರುವ ಅವರ ‘ಲಿಯೆಜೋಂ’ ನಮ್ಮ ಸಂಧಿಯ ದೂರದ ನೆಂಟನಂತೆ ಕಾಣುತ್ತದೆ. ಆದರೆ ಮೇಜಿಗೆ ಸ್ತ್ರೀಲಿಂಗ, ಪುಸ್ತಕಕ್ಕೆ ಪುಲ್ಲಿಂಗ ಎಂಬಲ್ಲಿ ಕನ್ನಡ ಕೈಕೊಡುತ್ತದೆ. ತೊಂಬತ್ತೊಂಬತ್ತನ್ನು ‘ನಾಲ್ಕು ಇಪ್ಪತ್ತು ಹತ್ತು ಒಂಬತ್ತು’ ಎಂದು ಹೇಳುವ ಅವರ ಎಣಿಕೆಯನ್ನು, ಧ್ವನಿಮುದ್ರಿಕೆಯಲ್ಲಿ ಒಮ್ಮೆ ಮಾತ್ರ ಕೇಳಿಸುವ ದೂರವಾಣಿ ಸಂಖ್ಯೆಯಾಗಿ ಗ್ರಹಿಸುವುದು ನಲವತ್ತರ ಸಮೀಪದ ಮಿದುಳಿಗೆ ಸಣ್ಣ ಕೆಲಸವಲ್ಲ.

ನಮಗೆ ಪಾಠ ಹೇಳಿದವರು ಪುದುಚೇರಿಯಲ್ಲಿ ಬೆಳೆದ ಹಿರಿಯ ಶಿಕ್ಷಕಿ. ಒಮ್ಮೆ ಅವರು ಪದ್ಯವೊಂದನ್ನು ಓದಲು ತೆಗೆದಾಗ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: ‘ಮೇಡಂ, ಇದು ಟೆಫ್‌ಗೆ ಬರುತ್ತದೆಯೆ?’ ಅವರು ಪುಸ್ತಕ ಮುಚ್ಚಿ, ‘ಮೊದಲನೆಯದಾಗಿ’, ‘ಮತ್ತೊಂದೆಡೆ’, ‘ಕೊನೆಯದಾಗಿ’ ಎಂಬಂಥ ಜೋಡುಪದಗಳ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದರು. ನಾವೆಲ್ಲ ಅದನ್ನು ಶ್ರದ್ಧೆಯಿಂದ ಬರೆದುಕೊಂಡೆವು. ಉಚ್ಚಾರಣೆ ತಪ್ಪಬಾರದೆಂದು ಕೆಲವರು ಪಕ್ಕದಲ್ಲಿ ಕನ್ನಡ ಲಿಪಿಯಲ್ಲೂ ಬರೆದುಕೊಂಡರು. ಆ ವಿದ್ಯಾರ್ಥಿಯನ್ನು ದೂರಲಾಗದು. ಕೆನಡಾ ಕೇಳುವ ಏಳನೆಯ ಮಟ್ಟಕ್ಕೆ ಏರಲು ಐನೂರರಿಂದ ಆರುನೂರು ಗಂಟೆಗಳ ತರಗತಿ ಬೇಕೆಂಬುದು ಬೋಧಕರ ಸಾಮಾನ್ಯ ಅಂದಾಜು. ಕಂಪನಿಯ ಕೆಲಸ, ಔಟರ್ ರಿಂಗ್ ರಸ್ತೆಯ ದಟ್ಟಣೆ, ಮನೆ ಇವುಗಳ ನಡುವಿನಿಂದ ಕದ್ದ ಗಂಟೆಗಳವು. ಪದ್ಯಕ್ಕೆ ಅವುಗಳಲ್ಲಿ ಪಾಲು ಸಿಗುವುದಿಲ್ಲ.

ನನ್ನ ಫಲಿತಾಂಶ ಬಂದಿದೆ. ಓದು ಎಂಟು, ಆಲಿಸುವಿಕೆ ಏಳು, ಬರವಣಿಗೆ ಏಳು, ಮಾತು ಆರು. ಫ್ರೆಂಚ್ ಸುತ್ತಿಗೆ ಅರ್ಹನಾಗಲು ನಾಲ್ಕರಲ್ಲೂ ಏಳು ಬೇಕು. ಸರಾಸರಿ ನೋಡುವ ಪದ್ಧತಿ ಇಲ್ಲ. ಮುಂದಿನ ಹುಟ್ಟುಹಬ್ಬಕ್ಕೆ ಇನ್ನೂ ಐದು ಅಂಕ ಕಳೆಯುತ್ತವೆ. ತಿಪಟೂರಿನಲ್ಲಿರುವ ಅಮ್ಮನಿಗೆ ಇದನ್ನೆಲ್ಲ ವಿವರಿಸಿದಾಗ ಅವರು ಕೇಳಿದ್ದು ಒಂದೇ ಮಾತು: ‘ಅಲ್ಲಪ್ಪಾ, ಅಷ್ಟೆಲ್ಲಾ ಅಂಕ ಬಂದ್ರೆ ನೀನು ಹೋಗ್ತೀಯಾ, ಬರ್ದೇ ಇದ್ರೆ ಇಲ್ಲೇ ಇರ್ತೀಯಾ?’ ಬಿಟ್ಟುಹೋಗುವ ತಾಯಿಯ ವಯಸ್ಸಿಗೆ ಆ ಅಂಕಪಟ್ಟಿಯಲ್ಲಿ ಯಾವ ಕಾಲಮ್ಮೂ ಇಲ್ಲ.

ಹೀಗಿದ್ದೂ ಈ ಪರೀಕ್ಷೆಯನ್ನು ಅನ್ಯಾಯವೆಂದು ಕರೆಯಲು ನನಗೆ ಮನಸ್ಸಿಲ್ಲ. ನಿಜವಾದ ಅನ್ಯಾಯದ ಪರೀಕ್ಷೆ ಹೇಗಿತ್ತೆಂಬುದನ್ನು ಆಸ್ಟ್ರೇಲಿಯಾದ ಇತಿಹಾಸ ಹೇಳುತ್ತದೆ. ಅಲ್ಲಿ 1901ರ ಕಾನೂನಿನ ಪ್ರಕಾರ ವಲಸಿಗನಿಗೆ ಐವತ್ತು ಪದಗಳ ಉಕ್ತಲೇಖನ ಕೊಡಬಹುದಿತ್ತು. ಯಾವ ಐರೋಪ್ಯ ಭಾಷೆಯಲ್ಲಿ ಎಂಬುದು ಅಧಿಕಾರಿಯ ಮರ್ಜಿ. ಏಷ್ಯಾದವರನ್ನು ಹೊರಗಿಡುವುದೇ ಅದರ ಉದ್ದೇಶವಾಗಿತ್ತು. ಮುಂದೆ ಬೇಡವಾದ ರಾಜಕೀಯ ವಿಚಾರಗಳವರನ್ನು ತಡೆಯಲೂ ಅದು ಬಳಕೆಯಾಯಿತು. 1934ರಲ್ಲಿ ಪ್ರಾಗ್‌ನ ಪತ್ರಕರ್ತ ಎಗೊನ್ ಎರ್ವಿನ್ ಕಿಶ್ ಹಲವು ಐರೋಪ್ಯ ಭಾಷೆಗಳನ್ನು ಬಲ್ಲವನೆಂದು ತಿಳಿದಿದ್ದ ಅಧಿಕಾರಿಗಳು ಆತನಿಗೆ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಪರೀಕ್ಷೆ ಇಟ್ಟರು. ಅಲ್ಲಿನ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಆದರೂ ಆ ಉಕ್ತಲೇಖನ ರದ್ದಾಗಲು 1958 ಬರಬೇಕಾಯಿತು. ಅದಕ್ಕೆ ಹೋಲಿಸಿದರೆ ಇಂದಿನ ಪರೀಕ್ಷೆಯ ಸ್ವರೂಪ ಮೊದಲೇ ಗೊತ್ತು, ಅಳತೆಗೋಲು ಎಲ್ಲರಿಗೂ ಒಂದೇ, ಸೋತವನು ಮತ್ತೆ ಬರೆಯಬಹುದು. ಕನ್ನಡ ಮಾಧ್ಯಮದ ಹುಡುಗನೊಬ್ಬ ಯಾರ ಶಿಫಾರಸೂ ಇಲ್ಲದೆ ಏರಬಹುದಾದ ಮೆಟ್ಟಿಲು ಇದು.

ಆದರೆ ಅಳತೆಗೋಲು ಒಂದೇ ಆದ ಮಾತ್ರಕ್ಕೆ ಎಲ್ಲರಿಗೂ ನ್ಯಾಯ ಸಿಕ್ಕಂತಲ್ಲ. ಆರುನೂರು ಗಂಟೆಗಳನ್ನೂ ಶುಲ್ಕಗಳನ್ನೂ ಹೊಂದಿಸಿಕೊಳ್ಳಬಲ್ಲ ನಗರವಾಸಿಗೆ ಇದು ಎಟಕುತ್ತದೆ; ಉಳಿದವರಿಗೆ ಇಲ್ಲ. ಇತ್ತ ಹುಟ್ಟಿನಿಂದ ಫ್ರೆಂಚ್ ಪರಿಸರದಲ್ಲಿ ಬೆಳೆದ ಆಫ್ರಿಕಾದ ಯುವಕರ ಗತಿ ನೋಡಿ. ಅಲ್ಲಿನ ಫ್ರೆಂಚ್ ಭಾಷಿಕ ದೇಶಗಳ ವಿದ್ಯಾರ್ಥಿಗಳ ಅರ್ಜಿಗಳು ಹೆಚ್ಚಿನ ಪ್ರಮಾಣದಲ್ಲಿ ತಿರಸ್ಕೃತವಾಗುತ್ತಿರುವುದನ್ನು 2022ರಲ್ಲಿ ಕೆನಡಾದ ಸಂಸದೀಯ ಸಮಿತಿಯೇ ಗುರುತಿಸಿತು. ಭಾಷೆ ಬೇಕು, ಆದರೆ ಅದನ್ನು ಆಡುವವರೆಲ್ಲ ಬೇಡ ಎಂಬ ಇಬ್ಬಂದಿತನ ಇಲ್ಲಿಲ್ಲವೆಂದು ಹೇಳಲಾಗದು. 2019ರಲ್ಲಂತೂ ಫ್ರಾನ್ಸಿನ ಪ್ರಜೆಯೇ ಆದ ಮಹಿಳೆಯೊಬ್ಬರಿಗೆ, ಅವರ ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯ ಇಂಗ್ಲಿಷಿನಲ್ಲಿತ್ತೆಂಬ ಕಾರಣಕ್ಕೆ ಕ್ವಿಬೆಕ್ ಮೊದಲು ವಲಸೆ ಪ್ರಮಾಣಪತ್ರ ನಿರಾಕರಿಸಿ, ಟೀಕೆಗಳು ಬಂದ ಬಳಿಕ ನಿರ್ಧಾರ ಬದಲಿಸಿತು.

ನನ್ನ ಮುಖ್ಯ ಮಾತು ಇದು: ಪರೀಕ್ಷೆ ಭಾಷೆಯನ್ನು ಅಳೆಯಬಲ್ಲದು, ಉಳಿಸಲಾರದು. ಫ್ರೆಂಚ್ ಸುತ್ತಿನಲ್ಲಿ ಆಯ್ಕೆಯಾದವರು ಕ್ವಿಬೆಕ್‌ಗೆ ಹೋಗುವವರಲ್ಲ. ಆ ಪ್ರಾಂತ 1991ರ ಒಪ್ಪಂದದಂತೆ ತನ್ನ ವಲಸಿಗರನ್ನು ತಾನೇ ಆರಿಸಿಕೊಳ್ಳುತ್ತದೆ. ಇವರು ಹೋಗಿ ನೆಲೆಸುವುದು ಟೊರಾಂಟೊ, ಕ್ಯಾಲ್ಗರಿಗಳಂಥ ಇಂಗ್ಲಿಷ್ ನಗರಗಳಲ್ಲಿ. ಅಲ್ಲಿ ಕಚೇರಿಯೂ ಅಂಗಡಿಯೂ ಇಂಗ್ಲಿಷಿನಲ್ಲಿ ನಡೆಯುತ್ತವೆ. ಏಳನೆಯ ಮಟ್ಟದ ಫ್ರೆಂಚ್ ಯಾರೊಂದಿಗೆ ಮಾತನಾಡಬೇಕು? ಪಿಯುಸಿ ವಿದ್ಯಾರ್ಥಿಯ ಫ್ರೆಂಚ್‌ನಂತೆ ಅದೂ ಆವಿಯಾದರೆ, ಸರ್ಕಾರದ ದಾಖಲೆಯಲ್ಲಿ ಶೇಕಡಾವಾರು ಏರಿರುತ್ತದೆ, ಭಾಷೆ ಮಾತ್ರ ಇದ್ದಲ್ಲೇ ಇರುತ್ತದೆ.

ಕ್ವಿಬೆಕ್‌ನಲ್ಲಿ ಫ್ರೆಂಚ್ ಉಳಿದದ್ದು ಪರೀಕ್ಷೆಯಿಂದಲ್ಲ. 1977ರ ಭಾಷಾ ಸನ್ನದು ವಲಸಿಗರ ಮಕ್ಕಳನ್ನು ಫ್ರೆಂಚ್ ಶಾಲೆಗೆ ಕಳಿಸಿತು, ಕಾರ್ಖಾನೆ ಕಚೇರಿಗಳ ಕೆಲಸವನ್ನು ಫ್ರೆಂಚಿಗೆ ತಂದಿತು. ಇಟಲಿ, ಗ್ರೀಸ್, ವಿಯೆಟ್ನಾಂಗಳಿಂದ ಬಂದವರ ಮಕ್ಕಳು ಆ ಭಾಷೆಯಲ್ಲೇ ಜಗಳವಾಡುತ್ತ, ಸ್ನೇಹ ಬೆಳೆಸುತ್ತ ದೊಡ್ಡವರಾದರು. ಆದರೆ ಅದೇ ಕ್ವಿಬೆಕ್ ಈಚೆಗೆ ಬೇರೆ ದಾರಿ ಹಿಡಿದಂತಿದೆ. 2023ರ ಜೂನ್‌ನಿಂದ, ಬಂದ ಆರು ತಿಂಗಳ ನಂತರ ವಲಸಿಗನೊಂದಿಗೆ ಸರ್ಕಾರ ಸಾಮಾನ್ಯವಾಗಿ ಫ್ರೆಂಚಿನಲ್ಲಷ್ಟೇ ವ್ಯವಹರಿಸಬೇಕೆಂಬ ನಿಯಮ ಬಂತು. ಮರುವರ್ಷವೇ, ಹಣ ಸಾಲದೆಂದು ಹಲವೆಡೆ ಉಚಿತ ಫ್ರೆಂಚ್ ತರಗತಿಗಳು ಮುಚ್ಚಿದವು. ಭಾಷೆ ಕಲಿಯಬೇಕೆಂದು ಆಜ್ಞಾಪಿಸಿ ಕಲಿಯುವ ಕೊಠಡಿಗೆ ಬೀಗ ಹಾಕಿದರೆ ಉಳಿಯುವುದು ಆಜ್ಞೆ ಮಾತ್ರ.

ಇದು ನಮಗೂ ಅನ್ವಯಿಸುವ ಮಾತು. ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂದು 2024ರಲ್ಲಿ ಕರ್ನಾಟಕ ಕಾನೂನು ಮಾಡಿತು. ಅದು ಬೇಕು. ಆದರೆ ಬೆಂಗಳೂರಿಗೆ ಬಂದ ಬಿಹಾರದ ಗಾರೆ ಕೆಲಸದವನಿಗೆ, ಒಡಿಶಾದ ಭದ್ರತಾ ಸಿಬ್ಬಂದಿಗೆ, ದೆಹಲಿಯ ಎಂಜಿನಿಯರನಿಗೆ ಕೆಲಸದ ಜಾಗದಲ್ಲೇ ಕನ್ನಡ ಕಲಿಸುವ ಏರ್ಪಾಡಿಲ್ಲದೆ, ಅವರು ಒಂದು ವಾಕ್ಯ ಆಡಿದೊಡನೆ ನಾವೇ ಹಿಂದಿಗೋ ಇಂಗ್ಲಿಷಿಗೋ ಜಾರುವುದನ್ನು ಬಿಡದೆ, ಫಲಕದ ಅಕ್ಷರಗಳು ಮಾತಾಗುವುದಿಲ್ಲ. ಹೊಸ ಭಾಷೆ ಕಲಿಯುವವನಿಗೆ ಬೇಕಾದದ್ದು ಕಾಯುವ ಕಿವಿ. ಪರೀಕ್ಷಾ ಕೊಠಡಿಯ ಹದಿನೈದು ನಿಮಿಷಗಳಲ್ಲಿ ನನಗೆ ಇದು ಚೆನ್ನಾಗಿ ಮನದಟ್ಟಾಯಿತು. ತಡವರಿಸುತ್ತ ಪದ ಹುಡುಕುತ್ತಿದ್ದ ನನ್ನ ಮುಂದೆ ಪರೀಕ್ಷಕರು ತಾಳ್ಮೆಯಿಂದ ಕಾದರು. ಆ ಕಾಯುವಿಕೆಯಲ್ಲೇ ಒಂದೆರಡು ವಾಕ್ಯ ತಾನಾಗಿ ಮೂಡಿಬಂತು.

ಮಾತಿನ ಪರೀಕ್ಷೆಗಾಗಿ ಮತ್ತೊಮ್ಮೆ ಕೂರಲು ನಿರ್ಧರಿಸಿದ್ದೇನೆ. ಈ ಬಾರಿ ಜೋಡುಪದಗಳ ಪಟ್ಟಿಯ ಜೊತೆಗೆ ಶಿಕ್ಷಕಿ ಅಂದು ಮುಚ್ಚಿಟ್ಟ ಪದ್ಯವನ್ನೂ ಕೇಳಿ ಪಡೆದಿದ್ದೇನೆ. ಕೆನಡಾದ ವಲಸೆ ನಿಯಮದಂತೆ ಫಲಿತಾಂಶದ ಆಯುಸ್ಸು ಎರಡೇ ವರ್ಷ. ಆಹ್ವಾನ ಬಂದರೂ ಬಾರದಿದ್ದರೂ ಆ ಅವಧಿ ಮುಗಿದ ಮೇಲೆ ಕೈಯಲ್ಲಿ ಉಳಿಯುವುದು ಅಂಕಪಟ್ಟಿಯಲ್ಲ, ಭಾಷೆ ಉಳಿದಿದ್ದರೆ ಭಾಷೆ ಮಾತ್ರ.