ಬೆಕ್ಕಿಗೆ ಶಿಕ್ಷೆಯೋ ಶಿಕ್ಷಣವೋ?

ಅಡುಗೆಮನೆಯ ಕಟ್ಟೆಯ ಎತ್ತರವನ್ನು 90 ಸೆಂಟಿಮೀಟರೆಂದು ಇಟ್ಟುಕೊಳ್ಳೋಣ. ಅಷ್ಟು ಮೇಲೇರಬೇಕಾದರೆ ಬೆಕ್ಕು ಸೆಕೆಂಡಿಗೆ ಸುಮಾರು 4.2 ಮೀಟರು ವೇಗದಿಂದ ನೆಲವನ್ನು ಬಿಡಬೇಕೆಂದು ಭೌತಶಾಸ್ತ್ರದ ಲೆಕ್ಕವು ತಿಳಿಸುತ್ತದೆ. ಆದರೆ ಮಣ್ಣು ಕೆದರಿದ ಪಾದಗಳು ಅನ್ನ ಬೇಯುವೆಡೆಯನ್ನು ಮುಟ್ಟಬಾರದು. ಉರಿಯುವ ಒಲೆ ಬೆಕ್ಕಿಗೂ ಅಪಾಯ. ಈ ನೆಗೆತವನ್ನು ಬಿಡಿಸುವ ಬಗೆಯನ್ನರಿಯಲು ನಾವು ಮನಶ್ಶಾಸ್ತ್ರದ ಮೊರೆಹೋಗಬೇಕು.

1898ರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕನು ಒಂದು ಪ್ರಯೋಗವನ್ನು ಪ್ರಕಟಿಸಿದನು. ಹಸಿದ ಬೆಕ್ಕನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ, ಹೊರಗೆ ಆಹಾರವನ್ನಿಡುತ್ತಿದ್ದನು. ಪರಚಾಡುವಾಗ ಅದರ ಕಾಲು ಆಕಸ್ಮಿಕವಾಗಿ ದಾರದ ಕುಣಿಕೆಗೆ ತಗುಲಿ ಬಾಗಿಲು ತೆರೆಯುತ್ತಿತ್ತು. ಪ್ರಯೋಗವನ್ನು ಮತ್ತೆ ಮತ್ತೆ ನಡೆಸಿದಂತೆ, ಹೊರಬರಲು ಹಿಡಿಯುವ ಕಾಲವು ಕ್ರಮೇಣ ಕಡಮೆಯಾಯಿತು. ಸುಖವನ್ನು ತಂದ ಕ್ರಿಯೆಯು ನೆಲೆಗೊಳ್ಳುತ್ತದೆ. ಇದೇ 'ಪರಿಣಾಮ ನಿಯಮ'.

ಕಟ್ಟೆಯ ಮೇಲೆ ಕೆನೆಯನ್ನು ಕಂಡ ಬೆಕ್ಕು ಮತ್ತೆ ಏರುವುದು ಈ ನಿಯಮದಂತೆಯೇ. ಕೆನೆಯು ದಿನವೂ ಸಿಕ್ಕಬೇಕೆಂದಿಲ್ಲ. ಎಂದಾದರೊಮ್ಮೆ ದೊರೆಯುವ ಫಲದಿಂದ ಬೆಳೆದ ಅಭ್ಯಾಸವು ಬೇಗನೆ ಅಳಿಯದೆಂದು ಬಿ. ಎಫ್. ಸ್ಕಿನ್ನರ್ ಮೊದಲಾದವರ ಪ್ರಯೋಗಗಳು ತೋರಿಸಿವೆ.

ಹೊಡೆದರೆ ಬೆಕ್ಕು ಹೊಡೆಯುವವರಿಗೆ ಹೆದರುತ್ತದೆಯೇ ಹೊರತು ಕಟ್ಟೆಗಲ್ಲ. ನಾವು ಅತ್ತ ಹೋದೊಡನೆ ಮತ್ತೆ ಏರುತ್ತದೆ. ಆದ್ದರಿಂದ ಕಟ್ಟೆಯ ಮೇಲೆ ಯಾವ ತಿನಿಸನ್ನೂ ತೆರೆದಿಡಬಾರದು. ಬೆಕ್ಕಿಗೆ ಎತ್ತರದ ಸ್ಥಳವೆಂದರೆ ಸಹಜವಾಗಿಯೇ ಪ್ರಿಯ. ಕಿಟಕಿಯ ಬಳಿ ಎತ್ತರದ ಸ್ಟೂಲೊಂದನ್ನಿಟ್ಟು, ಅದರ ಮೇಲೆ ಕುಳಿತ ಕ್ಷಣವೇ ತುಸು ತಿನಿಸನ್ನು ಕೊಡಬೇಕು. ತಡವಾಗಿ ಕೊಟ್ಟರೆ, ಯಾವ ಕ್ರಿಯೆಗೆ ಯಾವ ಫಲವೆಂಬುದು ಅದಕ್ಕೆ ತಿಳಿಯದು.

ಮನೆಮಂದಿಯೆಲ್ಲರೂ ಇದನ್ನು ಪಾಲಿಸಬೇಕು. ಒಬ್ಬರು ಒಂದು ದಿನ ಹಾಲನ್ನು ಮುಚ್ಚಲು ಮರೆತರೆ, ಬೆಕ್ಕು ಹಳೆಯ ಪಾಠವನ್ನೇ ಮತ್ತೆ ಕಲಿಯುತ್ತದೆ.