ಹೇಮಗುಡ್ಡದ ಕಲ್ಲು, ಗಂಗಾವತಿಯ ಅಂಗಳ

ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳನ್ನು ದಾಟಿದರೆ ಗಂಗಾವತಿ ತಾಲ್ಲೂಕು ಮುಖವನ್ನೇ ಬದಲಿಸುತ್ತದೆ. ಹಸಿರು ಹಿಂದುಳಿದು ಬರೀ ಕಲ್ಲುಗುಡ್ಡ. ಅಲ್ಲೇ ಹೇಮಗುಡ್ಡ. ಗುಂಡುಗಳ ಸಂದಿನಲ್ಲಿ ಗೋಡೆ ಎಬ್ಬಿಸಿದ ಕೋಟೆ, ದುರ್ಗಾದೇವಿ ಗುಡಿ, ದಸರೆಗೆ ಜಂಬೂ ಸವಾರಿ. ಕಂಪಿಲರಾಯ, ಗಂಡುಗಲಿ ಕುಮಾರರಾಮನ ಕುಮ್ಮಟದುರ್ಗಕ್ಕೂ ಇದಕ್ಕೂ ನಂಟು. 1327ರ ಸುಮಾರಿಗೆ ತುಘಲಕ್ ಸೇನೆಗೆ ಕಂಪಿಲರಾಯನ ರಾಜ್ಯ ಸೋತಿತು. ಇಷ್ಟು ಚರಿತ್ರೆ ಎಲ್ಲರೂ ಹೇಳುತ್ತಾರೆ.

ನನಗೆ ಗುಡಿ ಹತ್ತಿರ ಸಿಕ್ಕವರು ಗಂಗಾವತಿಯ ಗೌಂಡಿಯೊಬ್ಬರು. ಹರಕೆ ತೀರಿಸಲು ಬಂದಿದ್ದರು. ಹಳೆ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಎಬ್ಬಿಸುವುದೇ ಅವರ ಕಸುಬು. ಗುಡ್ಡದ ಇಳಿಜಾರಿಗೆ ಅಡ್ಡಲಾಗಿ ಗಾರೆ ಇಲ್ಲದೆ ಜೋಡಿಸಿದ ಕಲ್ಲುಸಾಲು ತೋರಿಸಿ, ಬಾಟಲಿ ನೀರನ್ನು ಅದರ ಬೆನ್ನಿಗೆ ಸುರಿದರು. ಅಲ್ಲಿ ಕೂತಿದ್ದ ಮೊಣಕೈಯಷ್ಟು ಮಣ್ಣು ನೀರನ್ನು ಗುಟುಕರಿಸಿಬಿಟ್ಟಿತು. ಬಂಡೆ ಸುಡುತ್ತಿದ್ದರೂ ಅಲ್ಲೊಂದು ಬೇವಿನ ಸಸಿ ಚಿಗುರಿತ್ತು.

"ನೋಡ್ರಿ ಸರ, ಕಲ್ಲು ನೀರು ತಡದೈತಿ, ಮಣ್ಣು ಕುಡದೈತಿ. ನಾವು ಊರಾಗ ಏನ್ ಮಾಡಾಕತ್ತೀವಿ? ಹಿತ್ತಲದಾಗ ಬಚ್ಚಲ ನೀರಿಗೆ ಬಾಳಿಗಿಡ ಇರ್ತಿತ್ತು. ಈಗ ಗ್ವಾಡಿಯಿಂದ ಗ್ವಾಡಿತನ ಪೇವರ್ ಹಾಕು ಅಂತಾರ. ಬೇವಿನಗಿಡ ಕಡದು ಲಾನ್ ಹಚ್ಚಿಸ್ತಾರ, ಅದಕ್ಕ ಬೋರ್ ನೀರು! ಮಳಿ ಬಂದ್ರ ನೀರು ರಸ್ತಾದಾಗ, ಬ್ಯಾಸಿಗ್ಯಾಗ ಟ್ಯಾಂಕರ್." ಆ ಪೇವರ್ ಹಾಕುವವರೂ ತಾವೇ ಎಂದು ನಕ್ಕರು. ಅವರ ಹೆಂಡತಿ ಎರಡು ಸಲ ಕರೆದರೂ ಮಾತು ನಿಲ್ಲಲಿಲ್ಲ.

ಲೆಕ್ಕ ಗೌಂಡಿಯವರ ಕಡೆಗೇ ಇದೆ. 100 ಚದರ ಮೀಟರ್ ಮಾಳಿಗೆ ಮೇಲೆ 500 ಮಿ.ಮೀ. ಮಳೆ ಬಿದ್ದರೆ 50,000 ಲೀಟರ್. ಒಂದಿಷ್ಟು ಆವಿಯಾಗಿ, ಸೋರಿ ಹೋದರೂ ಉಳಿಯುವುದು ಸಣ್ಣದಲ್ಲ. ಬೆಂಗಳೂರಿನಲ್ಲಿ 2009ರಲ್ಲೇ ಕಾನೂನು ತಿದ್ದಿ ಮಳೆನೀರು ಕೊಯ್ಲು ಕಡ್ಡಾಯ ಮಾಡಿದರು. ಹಳೆಯದನ್ನು ಉಳಿಸಿಕೊಳ್ಳುವುದಕ್ಕೂ ಅಲ್ಲೇ ಮಾದರಿ ಇದೆ: ಹಳೆ ಸೆಂಟ್ರಲ್ ಜೈಲನ್ನು ಪೂರ್ತಿ ನೆಲಸಮ ಮಾಡದೆ, ಕಾವಲು ಗೋಪುರ ಉಳಿಸಿಕೊಂಡೇ 2008ರಲ್ಲಿ ಫ್ರೀಡಂ ಪಾರ್ಕ್ ಮಾಡಿದರು. ಅಷ್ಟು ದೂರ ಯಾಕೆ, ಇದೇ ತಾಲ್ಲೂಕಿನ ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್‌ನವರು ಹಳೆ ಮನೆಗಳನ್ನು ಕೆಡವದೆ ರಿಪೇರಿ ಮಾಡಿ ಪ್ರವಾಸಿಗರಿಗೆ ಕೊಟ್ಟಿದ್ದಾರೆ. ಗಂಗಾವತಿಯಲ್ಲಿ ಹೊಸ ಕಟ್ಟಡದವರು ಎಲಿವೇಷನ್ ನೋಡಲು ಹೈದರಾಬಾದ್‌ಗೆ ಹೋಗುತ್ತಾರೆ, ಆನೆಗೊಂದಿಗೆ ಹೋಗುವುದಿಲ್ಲ!

ಮನೆ ಕೆಡವಲು ಹೊರಟವರಲ್ಲಿ ಒಂದು ಕೋರಿಕೆ. ಹಿತ್ತಲಲ್ಲಿ ಹತ್ತಡಿ ಮಣ್ಣು ಬಿಡಿ, ಇರುವ ಬೇವನ್ನು ನಕ್ಷೆಯಲ್ಲೇ ಗುರುತಿಸಿ, ಮಾಳಿಗೆಯ ಪೈಪನ್ನು ಚರಂಡಿಗೆ ಬಿಡದೆ ಇಂಗುಗುಂಡಿಗೆ ತಿರುಗಿಸಿ. ಗೌಂಡಿಯವರು ಬೇಡ ಅನ್ನುವುದಿಲ್ಲ, ಹೇಳುವವರಿಲ್ಲ ಅಷ್ಟೆ. ಹೇಮಗುಡ್ಡಕ್ಕೆ ಹೋಗುವವರು ನೀರು ಕಟ್ಟಿಕೊಂಡು ಹೋಗಿ. ಬೇಸಿಗೆಯಲ್ಲಾದರೆ ಬೆಳಿಗ್ಗೆ ಒಂಬತ್ತರೊಳಗೆ ಹತ್ತಿ ಇಳಿದುಬಿಡಿ.