ಪರದೇಶದ ಸಂಬಂಧವೂ ಮುಚ್ಚಳಿಕೆಯ ಕಾಗದವೂ

ನಮ್ಮ ಸೀಮೆಯಲ್ಲಿ ಹೆಣ್ಣು ಕೊಟ್ಟು ತರುವ ನಂಟು ಹಿಂದೆ ಒಂದು ಹಗಲಿನ ಗಾಡಿಯ ದಾರಿಯನ್ನು ಮೀರುತ್ತಿದ್ದುದು ಅಪರೂಪ. ಚನ್ನಗಿರಿಯವರು ಹೊನ್ನಾಳಿಗೆ ಹೆಣ್ಣು ಕೊಡುವರು. ನ್ಯಾಮತಿಯವರು ಶಿಕಾರಿಪುರದ ಕಡೆಯಿಂದ ತರುವರು. ಜಗಳೂರಿನವರಿಗೆ ಚಿತ್ರದುರ್ಗ, ಕೂಡ್ಲಿಗಿಗಳೇ ದೂರದ ಊರುಗಳು. ಹುಡುಗನ ಮನೆತನವೆಂತಹದು, ತೋಟದಲ್ಲಿ ನೀರಿದೆಯೇ, ಅತ್ತೆಯ ಬಾಯಿ ಹೇಗೆ ಎಂಬಿವುಗಳನ್ನು ಸಂತೆಯ ದಿನ ವಿಚಾರಿಸಿಕೊಂಡು ಬಂದರೆ ಸಾಕಾಗುತ್ತಿತ್ತು. ಈಗಲಾದರೋ ಅಡಕೆ ತೋಟದ ಮನೆಯ ಮಗನು ಟೆಕ್ಸಾಸಿನಲ್ಲಿರುವನು. ಮೆಕ್ಕೆಜೋಳ ಬೆಳೆಯುವ ಮನೆಯ ಮಗಳು ಟೊರಾಂಟೊವಿನಲ್ಲಿ ಕೆಲಸದಲ್ಲಿರುವಳು. ಸಂತೆಯಲ್ಲಿ ವಿಚಾರಿಸಿದರೆ ಇವರ ವಿಷಯ ತಿಳಿಯದು. ಅದನ್ನು ಅನ್ಯ ಸರ್ಕಾರಗಳ ಕಾಗದಪತ್ರಗಳಿಂದಲೇ ತಿಳಿಯಬೇಕಾಗಿದೆ.

ಪರದೇಶಕ್ಕೆ ಹೋಗುವುದೇ ನಮ್ಮವರಿಗೆ ಹೊಸತೆಂದು ನಾವು ಹೇಳುತ್ತಿಲ್ಲ. ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಜನರು ಮೂಲಿಕೆಯ ಔಷಧಿಗಳನ್ನು ಮಾರಲು ಆಫ್ರಿಕದ ದೇಶಗಳಿಗೆ ಹೋಗಿಬರುವ ಸಂಗತಿಯು 2023ರ ಏಪ್ರಿಲಿನಲ್ಲಿ, ಸೂಡಾನಿನ ಕಾಳಗದಲ್ಲಿ ಸಿಕ್ಕಿಬಿದ್ದ ರಾಜ್ಯದ ಹಕ್ಕಿಪಿಕ್ಕಿಗಳನ್ನು ಭಾರತ ಸರ್ಕಾರವು ಕರೆತಂದಾಗ, ನಾಡಿಗೆಲ್ಲ ತಿಳಿದುಬಂದಿತು. ಅದು ಹೋಗಿ ಬರುವ ಪ್ರಯಾಣ. ನಾವಿಲ್ಲಿ ಹೇಳಹೊರಟಿರುವುದು ಹೋಗಿ ನಿಲ್ಲುವ ಪ್ರಯಾಣದ ವಿಚಾರ. ಅಂದರೆ, ಒಬ್ಬರು ಮೊದಲು ಹೋಗಿ ನೆಲೆನಿಂತು, ಬಳಿಕ ಮಡದಿಯನ್ನೋ ಪತಿಯನ್ನೋ ಹೆತ್ತವರನ್ನೋ ಅಲ್ಲಿನ ಶಾಶ್ವತವಾಸಕ್ಕೆ ಕರೆಸಿಕೊಳ್ಳುವ ಕ್ರಮ.

ಇದನ್ನು ಜನರು ‘ಸ್ಪಾನ್ಸರ್ ಮಾಡುವುದು’ ಎನ್ನುತ್ತಾರೆ. ಮಾತು ಹಗುರವಾಗಿದೆ, ಅದರ ಅರ್ಥ ಹಗುರವಾದುದಲ್ಲ. ನಮ್ಮ ಹಳೆಯ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಇದು ಮುಚ್ಚಳಿಕೆ ಬರೆದುಕೊಡುವುದು. ‘ಈಕೆ ನನ್ನ ಧರ್ಮಪತ್ನಿ, ಈಕೆಯ ಹೊಟ್ಟೆಬಟ್ಟೆಗೆ ನಾನು ಹೊಣೆ, ನಿಮ್ಮ ಬೊಕ್ಕಸಕ್ಕೆ ಈಕೆಯಿಂದ ಹೊರೆಯಾಗದು’ ಎಂದು ಕರೆಸಿಕೊಳ್ಳುವವನು ಆ ದೇಶದ ಸರ್ಕಾರಕ್ಕೆ ಒಪ್ಪಿ ರುಜು ಹಾಕುವನು. ಹಸೆಯ ಮೇಲೆ ಹತ್ತು ಜನರ ಮುಂದೆ ಕೊಟ್ಟ ಮಾತು ಒಂದು. ಇದು ಎರಡನೆಯ ಮಾತು. ಮೊದಲನೆಯದನ್ನು ಕೇಳಲು ಬಂಧುಬಳಗವೆಲ್ಲ ಕೂಡುತ್ತದೆ. ಎರಡನೆಯದನ್ನು ಹೆಣ್ಣಿನ ಕಡೆಯವರಲ್ಲಿ ಓದಿ ನೋಡುವವರು ಬಹಳ ಕಡಿಮೆ. ಈ ಲೇಖನವನ್ನು ಬರೆಯಲು ಅದೇ ಕಾರಣ.

ಮದುವೆಯನ್ನು ಕಾಗದದಲ್ಲಿ ರುಜುವಾತು ಮಾಡಬೇಕೆಂಬ ಹಟ ಪರದೇಶದ ಸರ್ಕಾರಗಳಿಗೆ ಇಂದು ಹುಟ್ಟಿದ್ದಲ್ಲ. 1913ರ ಮಾರ್ಚ್ ತಿಂಗಳಲ್ಲಿ ದಕ್ಷಿಣ ಆಫ್ರಿಕದ ನ್ಯಾಯಾಧೀಶ ಸರ್ಲ್ ಎಂಬವರು, ಬಹುಪತ್ನೀತ್ವಕ್ಕೆ ಎಡೆಯಿರುವ ಧರ್ಮದ ವಿಧಿಯಂತೆ ನಡೆದ ಮದುವೆಯು ಅಲ್ಲಿನ ಕಾನೂನಿನಲ್ಲಿ ಮದುವೆಯೇ ಅಲ್ಲವೆಂದು ತೀರ್ಪಿತ್ತರು. ಒಂದು ಲೇಖಣಿಯ ಗೀಟಿನಿಂದ ಸಾವಿರಾರು ಗೃಹಿಣಿಯರು ಹೆಂಡಿರೆಂಬ ಸ್ಥಾನವನ್ನೇ ಕಳೆದುಕೊಂಡರು. ಗಾಂಧೀಜಿಯವರ ಸತ್ಯಾಗ್ರಹಕ್ಕೆ ಹೆಂಗಸರು ಇಳಿದುದು ಆಗಲೇ. ಕಸ್ತೂರಿಬಾ ಅವರು ಅದೇ ವರ್ಷ ಸೆರೆಮನೆಗೆ ಹೋದರು. 1914ರ ಶಾಸನದಿಂದ ಆ ಅನ್ಯಾಯ ಅಷ್ಟಿಷ್ಟು ಸರಿಹೋಯಿತು. 1918ರಲ್ಲಿ ಲಂಡನ್ನಿನಲ್ಲಿ ನಡೆದ ಸಾಮ್ರಾಜ್ಯ ಪರಿಷತ್ತು, ಕೆನಡ ಮೊದಲಾದ ದೇಶಗಳಲ್ಲಿ ನೆಲಸಿದ ಭಾರತೀಯರು ಒಬ್ಬ ಹೆಂಡತಿಯನ್ನೂ ಆಕೆಯ ಎಳೆಯ ಮಕ್ಕಳನ್ನೂ ಕರೆಸಿಕೊಳ್ಳಬಹುದೆಂದು ಒಪ್ಪಿತು. ಆದರೆ ಆಕೆ ನ್ಯಾಯವಾದ ಪತ್ನಿಯೆಂದು ಭಾರತ ಸರ್ಕಾರ ಪ್ರಮಾಣಪತ್ರ ಕೊಡಬೇಕೆಂದು ಷರತ್ತು ಹಾಕಿತು. ಇಂದು ಹೊನ್ನಾಳಿಯ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕಾದು ಕುಳಿತಿರುವ ನವದಂಪತಿಗಳು ಆ ಪ್ರಮಾಣಪತ್ರದ ಮೊಮ್ಮಗನಿಗಾಗಿಯೇ ಕಾದಿರುವರೆನ್ನಬಹುದು.

ನಮ್ಮವರು ಹೆಚ್ಚಾಗಿ ಹೋಗುವುದು ಅಮೆರಿಕಕ್ಕಾದುದರಿಂದ ಅಲ್ಲಿನ ಕ್ರಮವನ್ನು ಸ್ವಲ್ಪ ವಿಸ್ತರಿಸಿ ಹೇಳುವೆವು. ‘ಹುಡುಗ ಅಮೆರಿಕದಲ್ಲಿದ್ದಾನೆ’ ಎಂದ ಮಾತ್ರಕ್ಕೆ ಏನೂ ತಿಳಿದಂತಾಗಲಿಲ್ಲ. ಅವನು ಅಲ್ಲಿ ಯಾವ ಅಂತಸ್ತಿನಲ್ಲಿದ್ದಾನೆಂಬುದೇ ಮುಖ್ಯ. ಪೌರನಾಗಿದ್ದರೆ, ಅವನ ಮಡದಿ ಬಹುಬೇಗ ಹೋಗಬಹುದು. ಪೌರರ ಪತಿಪತ್ನಿಯರಿಗೂ ಇಪ್ಪತ್ತೊಂದು ತುಂಬದ ಅವಿವಾಹಿತ ಮಕ್ಕಳಿಗೂ, ಪೌರನಿಗೆ ಇಪ್ಪತ್ತೊಂದು ತುಂಬಿದ್ದರೆ ಅವನ ತಂದೆತಾಯಿಗಳಿಗೂ ವರ್ಷಕ್ಕಿಷ್ಟೇ ಎಂಬ ಮಿತಿಯಿಲ್ಲ. ಅರ್ಜಿಯ ವಿಚಾರಣೆಗೆ ಹಿಡಿಯುವಷ್ಟು ಕಾಲ ಮಾತ್ರ ಕಾಯಬೇಕು. ಅವನು ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದರೆ ಮಡದಿಗೆ ದೊರೆಯುವುದು ಎಚ್-4 ಎಂಬ ಅವಲಂಬಿತರ ವೀಸಾ, ಅದು ಶಾಶ್ವತವಾಸವಲ್ಲ. ಅದರಲ್ಲಿ ಹೋದ ಹುಡುಗಿ ಇಂಜಿನಿಯರಾಗಿದ್ದರೂ ಸಂಬಳಕ್ಕೆ ದುಡಿಯುವ ಹಕ್ಕು ತಾನಾಗಿ ಬರುವುದಿಲ್ಲ. 2015ರಿಂದ, ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತವನ್ನು ದಾಟಿದ್ದರೆ ಮಾತ್ರ ಅಂಥವರಿಗೆ ಕೆಲಸದ ಅಪ್ಪಣೆ ಕೊಡುತ್ತ ಬಂದಿದ್ದಾರೆ. ಓದಿದ ಹೆಣ್ಣು ವರ್ಷಗಟ್ಟಲೆ ಕೈಕಟ್ಟಿ ಕೂರಬೇಕಾದೀತೆಂಬುದನ್ನು ನಿಶ್ಚಿತಾರ್ಥದ ಮೊದಲೇ ಆಕೆಗೆ ತಿಳಿಸಬೇಕಲ್ಲವೆ?

ಎಲ್ಲಕ್ಕಿಂತ ತೊಡಕಿನದು ನಡುವಣ ಸ್ಥಿತಿ, ಅಂದರೆ ಗಂಡನಿಗೆ ಗ್ರೀನ್ ಕಾರ್ಡು ಬಂದು ಪೌರತ್ವ ಬಾರದಿರುವ ಸ್ಥಿತಿ. ಇಲ್ಲಿ ಮುಹೂರ್ತದ ದಿನಾಂಕಕ್ಕೆ ಪಂಚಾಂಗದವರು ಕಾಣದ ಒಂದು ಮಹತ್ವವಿದೆ. ನೌಕರಿಯ ಮೂಲಕ ಗ್ರೀನ್ ಕಾರ್ಡು ಪಡೆಯುವವನು ಅದು ಕೈಸೇರುವ ಮೊದಲೇ ಮದುವೆಯಾಗಿದ್ದರೆ, ಮಡದಿಯು ಅವನ ಅರ್ಜಿಯ ಬೆನ್ನಿಗೇ ಸೇರಿ ಅದೇ ಹಕ್ಕನ್ನು ಪಡೆಯಬಹುದು. ಕಾರ್ಡು ಬಂದ ಮರುದಿನ ಮದುವೆಯಾದರೆ ಆ ದಾರಿ ಮುಚ್ಚಿಹೋಗಿ, ಆಕೆಗಾಗಿ ಬೇರೆ ಅರ್ಜಿ ಹಾಕಿ, ಬೇರೆ ಸರದಿಯಲ್ಲಿ ಕೆಲವು ವರ್ಷ ಕಾಯಬೇಕಾಗುವುದು. ಆ ನಡುವೆ ‘ಸುಮ್ಮನೆ ನೋಡಿಬರುತ್ತೇನೆ’ ಎಂದು ಸಂದರ್ಶಕರ ವೀಸಾ ಕೇಳಿದರೆ, ನೆಲೆನಿಲ್ಲುವ ಉದ್ದೇಶ ಆಗಲೇ ಕಾಗದದಲ್ಲಿ ಬಂದುಬಿಟ್ಟಿರುವುದರಿಂದ ಅದು ದೊರೆಯುವುದು ಕಷ್ಟ. ಬೀಗರು ವರದಕ್ಷಿಣೆಯ ಮಾತನ್ನು ಸುತ್ತಿಬಳಸಿ ಆಡುವುದಕ್ಕೆ ಕಳೆಯುವ ಹೊತ್ತಿನಲ್ಲಿ ಈ ಒಂದು ಪ್ರಶ್ನೆಯನ್ನು ನೇರವಾಗಿ ಕೇಳಬಹುದಾಗಿತ್ತೆಂದು ನಮಗೆ ಎಷ್ಟೋ ಸಲ ತೋರಿದೆ.

ಒಡಹುಟ್ಟಿದವರನ್ನು ಕರೆಸಿಕೊಳ್ಳುವ ಮಾತನ್ನಂತೂ ನೆಚ್ಚಿ ಕೂಡಬಾರದು. ಪೌರನಾದ ಅಣ್ಣನು ತಮ್ಮನಿಗಾಗಿ ಅರ್ಜಿ ಹಾಕಬಹುದು, ನಿಜ. ಆದರೆ ಆ ವರ್ಗಕ್ಕೆ ಇಡೀ ಲೋಕಕ್ಕೆ ವರ್ಷಕ್ಕೆ ಸುಮಾರು 65,000 ಸ್ಥಾನಗಳು ಮಾತ್ರ. ಯಾವ ಒಂದು ದೇಶಕ್ಕೂ ನೂರಕ್ಕೆ ಏಳರ ಮಿತಿ ಬೇರೆ. 2025ರಲ್ಲಿ ಸರದಿ ಬಂದ ಭಾರತೀಯರು 2006ರಲ್ಲಿ ಅರ್ಜಿ ಹಾಕಿದ್ದವರು. ಅಷ್ಟರಲ್ಲಿ ಸಸಿಯಾಗಿ ನೆಟ್ಟ ಅಡಕೆ ಎಷ್ಟೋ ಕೊಯ್ಲು ಕೊಟ್ಟಿರುತ್ತದೆ. ತಮ್ಮನ ಮಕ್ಕಳಿಗೆ ಇಪ್ಪತ್ತೊಂದು ದಾಟಿ, ಅವರು ಆ ಅರ್ಜಿಯಿಂದ ಹೊರಗುಳಿಯುವ ಸಂಭವವೂ ಉಂಟು.

ಇತರ ದೇಶಗಳ ಮಾತನ್ನು ಸಂಕ್ಷೇಪವಾಗಿ ಹೇಳುವೆವು. ಕೆನಡದಲ್ಲಿ ಪತಿಪತ್ನಿಯರಿಗಾಗಿ ಬರೆದ ಮುಚ್ಚಳಿಕೆ 3 ವರ್ಷ ಕಟ್ಟುತ್ತದೆ. ಕ್ವಿಬೆಕ್ ಪ್ರಾಂತವೊಂದನ್ನು ಬಿಟ್ಟರೆ, ತಂದೆತಾಯಿಗಳಿಗಾಗಿ ಬರೆದದ್ದು 20 ವರ್ಷ. ಅಲ್ಲಿಗೆ ತಾನು ಹೋಗುವಾಗ ಮದುವೆಯನ್ನು ಮುಚ್ಚಿಟ್ಟು ‘ಅವಿವಾಹಿತ’ ಎಂದು ಬರೆದವನು, ಅನಂತರ ಆ ಮಡದಿಯನ್ನು ಕುಟುಂಬದ ಲೆಕ್ಕದಲ್ಲಿ ಕರೆಸಿಕೊಳ್ಳಲು ಸಾಮಾನ್ಯವಾಗಿ ಬಾರದು. ಅರ್ಜಿ ಬೇಗ ಮುಗಿಯಲೆಂದು ಇಂತಹ ಸುಳ್ಳನ್ನು ಬರೆಸುವ ದಳ್ಳಾಳಿಗಳಿದ್ದಾರೆ. ಅವರ ಮಾತನ್ನು ಕೇಳಬಾರದು. ಇಂಗ್ಲೆಂಡಿನಲ್ಲಿ ಕರೆಸಿಕೊಳ್ಳುವವರಿಗೆ ಇರಬೇಕಾದ ವಾರ್ಷಿಕ ವರಮಾನವನ್ನು 2024ರ ಏಪ್ರಿಲ್ 11ರಿಂದ 18,600 ಪೌಂಡಿನಿಂದ 29,000 ಪೌಂಡಿಗೆ ಏರಿಸಿದರು. ಆಸ್ಟ್ರೇಲಿಯದಲ್ಲಿ ಮಡದಿಗೆ ಮೊದಲು ತಾತ್ಕಾಲಿಕ ವೀಸಾ, ಅನಂತರ ಶಾಶ್ವತ ವೀಸಾ. ತಂದೆತಾಯಿಗಳ ವಿಷಯದಲ್ಲಿ ಅವರು ಮಕ್ಕಳನ್ನು ಎಣಿಸುತ್ತಾರೆ: ಮಕ್ಕಳಲ್ಲಿ ಅರ್ಧದಷ್ಟಾದರೂ ಆಸ್ಟ್ರೇಲಿಯದಲ್ಲಿರಬೇಕು, ಇಲ್ಲವೆ ಬೇರೆ ಯಾವ ಒಂದು ದೇಶದಲ್ಲಿರುವುದಕ್ಕಿಂತಲೂ ಹೆಚ್ಚು ಮಕ್ಕಳು ಅಲ್ಲಿರಬೇಕು. ದೊಡ್ಡ ಸಂಸಾರದವರಿಗೆ ಇದು ತೊಡಕಾದ ಲೆಕ್ಕವೇ ಸರಿ.

ಇನ್ನು ಕಾಗದಗಳ ವಿಚಾರ. ನಮ್ಮ ನಾಲ್ಕು ತಾಲ್ಲೂಕುಗಳವರಿಗೆ ಇಲ್ಲಿ ವಿಶೇಷವಾದ ತೊಂದರೆಗಳಿವೆ. ಮೊದಲನೆಯದು ಜಿಲ್ಲೆಯ ಹೆಸರು. 1997ರ ಆಗಸ್ಟಿನಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು, ನ್ಯಾಮತಿಯು ಈಚಿನ ವರ್ಷಗಳವರೆಗೂ ಹೊನ್ನಾಳಿಯ ಒಂದು ಹೋಬಳಿಯಾಗಿತ್ತು. ಆದುದರಿಂದ ನ್ಯಾಮತಿಯಲ್ಲಿ ಹುಟ್ಟಿದ ಒಬ್ಬಳೇ ಹುಡುಗಿಯ ಜನನಪತ್ರದಲ್ಲಿ ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆಯೆಂದೂ ಪಾಸ್‌ಪೋರ್ಟಿನಲ್ಲಿ ದಾವಣಗೆರೆ ಎಂದೂ ಇರಬಹುದು. ಎರಡೂ ಸತ್ಯವೇ. ಆದರೆ ಮುಂಬಯಿಯ ಕಾನ್ಸುಲೇಟಿನಲ್ಲಿ ಕುಳಿತ ಪರದೇಶದ ಅಧಿಕಾರಿಗೆ ಅದು ಹೇಗೆ ತಿಳಿದೀತು? ಜಿಲ್ಲೆಯ ವಿಭಜನೆಯನ್ನು ವಿವರಿಸುವ ಒಂದು ಪುಟದ ಬರಹವನ್ನು ಜೊತೆಗಿಟ್ಟರೆ ಅನುಮಾನಕ್ಕೆ ಎಡೆಯಿರುವುದಿಲ್ಲ.

ಎರಡನೆಯದು ನಮ್ಮ ಹೆಸರುಗಳು. ಶಾಲೆಯ ಪುಸ್ತಕದಲ್ಲಿ ‘ಕೆ. ಬಿ. ಶೈಲಜಾ’ ಎಂದಿರುವ ಹುಡುಗಿಯನ್ನು ಊಹಿಸಿಕೊಳ್ಳೋಣ. ಮೊದಲಕ್ಷರ ಊರಿನದು, ಎರಡನೆಯದು ತಂದೆಯದು. ಪಾಸ್‌ಪೋರ್ಟಿನವರು ಕುಲನಾಮ ಯಾವುದು, ಇಟ್ಟ ಹೆಸರು ಯಾವುದೆಂದು ಎರಡು ಅಂಕಣ ಮಾಡಿ ಕೇಳುತ್ತಾರೆ. ಇಟ್ಟ ಹೆಸರಿನ ಅಂಕಣ ಬರಿದಾಗಿದ್ದರೆ ಅಮೆರಿಕದವರು ಅಲ್ಲಿ ‘ಮೊದಲ ಹೆಸರು ತಿಳಿಯದು’ ಎಂಬರ್ಥದ ಮೂರಕ್ಷರ ಬರೆದು, ಅದೇ ಆಕೆಯ ಹೆಸರಾಗಿ ಬ್ಯಾಂಕು ಆಸ್ಪತ್ರೆಗಳವರೆಗೆ ಹಿಂಬಾಲಿಸುವುದುಂಟು. ಮದುವೆಗೆ ಮುಂಚೆಯೇ ಆಧಾರ್, ಶಾಲೆಯ ಪ್ರಮಾಣಪತ್ರ, ಪಾಸ್‌ಪೋರ್ಟುಗಳಲ್ಲಿ ಹೆಸರು ಅಕ್ಷರಕ್ಕೆ ಅಕ್ಷರ ಕೂಡುವಂತೆ ಮಾಡಿಕೊಳ್ಳಬೇಕು. ಗಂಡನ ಹೆಸರನ್ನು ತನ್ನ ಹೆಸರಿಗೆ ಸೇರಿಸಲೇಬೇಕೆಂಬ ಕಾನೂನು ಇಲ್ಲ; ಸೇರಿಸದಿರುವುದೇ ಸುಖವೆಂದು ನಮ್ಮ ಅಭಿಪ್ರಾಯ.

ಹಿರಿಯರ ಜನನದ ದಾಖಲೆ ಮೂರನೆಯ ತೊಂದರೆ. ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಹುಟ್ಟಿದವರ ಹೆಸರು ಎಷ್ಟೋ ಸಲ ಯಾವ ದಫ್ತರಿನಲ್ಲಿಯೂ ಇರುವುದಿಲ್ಲ. ಶಾಲೆಗೆ ಸೇರಿಸಿಕೊಂಡ ಮೇಷ್ಟರು ತಮಗೆ ತೋಚಿದ ವರ್ಷಕ್ಕೆ ಜೂನ್ 1 ಎಂದು ಬರೆದುಕೊಂಡರು. ನಮ್ಮ ಹಳ್ಳಿಗಳಲ್ಲಿ ಒಂದು ತಲೆಮಾರೇ ಜೂನ್ ಒಂದರಂದು ಹುಟ್ಟಿದಂತೆ ಕಾಣುವುದು ಇದರಿಂದಲೇ. ಇಂಥವರು ದಾಖಲೆ ದೊರೆಯದೆಂಬ ಪತ್ರವನ್ನು ಪಡೆದು, ಶಾಲೆಯ ದಾಖಲೆಯನ್ನೂ ಹುಟ್ಟನ್ನು ಬಲ್ಲ ಹಿರಿಯರ ಪ್ರಮಾಣಪತ್ರಗಳನ್ನೂ ಜೊತೆಗಿರಿಸಬಹುದು. ಇಲ್ಲವೆ 1969ರ ಜನನ ಮರಣ ನೋಂದಣಿ ಶಾಸನದಂತೆ ಮ್ಯಾಜಿಸ್ಟ್ರೇಟರ ಆಜ್ಞೆ ಪಡೆದು ತಡವಾದ ನೋಂದಣಿ ಮಾಡಿಸಬಹುದು. ಆ ಹಿರಿಯರು ಬದುಕಿರುವಾಗಲೇ ಈ ಕೆಲಸ ಮುಗಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಮದುವೆಯ ನೋಂದಣಿಗೆ 1976ರ ಕರ್ನಾಟಕದ ಶಾಸನವೂ 1955ರ ಹಿಂದೂ ವಿವಾಹ ಶಾಸನವೂ ಇವೆ. ಎಲ್ಲ ಮದುವೆಗಳೂ ನೋಂದಣಿಯಾಗತಕ್ಕದ್ದೆಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದೆ. ವೀಸಾದ ಅವಸರಕ್ಕೆಂದು ನಿಶ್ಚಿತಾರ್ಥದ ವಾರದಲ್ಲೇ ನೋಂದಣಿ ಮಾಡಿಸಿ, ಧಾರೆಯನ್ನು ಆರು ತಿಂಗಳು ಮುಂದಕ್ಕೆ ಹಾಕುವ ಪದ್ಧತಿ ಈಗ ಹಬ್ಬುತ್ತಿದೆ. ನಮಗೆ ಇದು ಸರಿದೋರದು. ಸರ್ಕಾರದ ಕಾಗದದಲ್ಲಿ ಹುಡುಗಿ ಆ ದಿನವೇ ಹೆಂಡತಿ. ಊರಿನ ಕಣ್ಣಿಗೆ ಇನ್ನೂ ಕನ್ಯೆ. ನಡುವೆ ಮಾತು ಮುರಿದರೆ, ಒಂದು ದಿನವೂ ಸಂಸಾರ ಮಾಡದವಳು ಕೋರ್ಟಿನ ಮೆಟ್ಟಿಲು ಹತ್ತಬೇಕಾಗುವುದು. ಮೇಲಾಗಿ ಲಗ್ನಪತ್ರಿಕೆಯಲ್ಲೊಂದು ದಿನಾಂಕ, ಸರ್ಕಾರದ ಪತ್ರದಲ್ಲೊಂದು ದಿನಾಂಕವಾಗಿ, ಸಂದರ್ಶನದಲ್ಲಿ ಮದುವೆಯೇ ನಿಜವೋ ಎಂಬ ಪ್ರಶ್ನೆ ಏಳುತ್ತದೆ.

ಈಗ ಹೆಣ್ಣಿನ ರಕ್ಷಣೆಯ ಮಾತು. ಅಮೆರಿಕಕ್ಕೆ ಹೋದ ದಿನ ಮದುವೆಗೆ ಎರಡು ವರ್ಷ ತುಂಬದಿದ್ದರೆ, ದೊರೆಯುವ ಗ್ರೀನ್ ಕಾರ್ಡು ಎರಡು ವರ್ಷದ ಷರತ್ತಿನದು. ಅದು ಮುಗಿಯುವ ಮುನ್ನಿನ 90 ದಿನಗಳಲ್ಲಿ ಗಂಡಹೆಂಡಿರು ಕೂಡಿ ಅರ್ಜಿ ಹಾಕಿ ಷರತ್ತನ್ನು ತೆಗೆಸಬೇಕು. ‘ನಾನು ರುಜು ಹಾಕದಿದ್ದರೆ ನೀನು ಊರಿಗೆ’ ಎಂದು ಬೆದರಿಸುವ ಗಂಡನೂ ಇರಬಹುದು. ಅಂತಹ ಬೆದರಿಕೆ ಪೂರ್ಣ ಸತ್ಯವಲ್ಲ. ಹಿಂಸೆಗೊಳಗಾದವಳೂ, ಪ್ರಾಮಾಣಿಕವಾಗಿ ಮದುವೆಯಾಗಿ ವಿಚ್ಛೇದನ ಹೊಂದಿದವಳೂ ಗಂಡನ ರುಜುವಿಲ್ಲದೆ ತಾನೊಬ್ಬಳೇ ಅರ್ಜಿ ಹಾಕಬಹುದು. 1994ರ ಒಂದು ಶಾಸನದಿಂದ, ಪೌರನ ಅಥವಾ ಗ್ರೀನ್ ಕಾರ್ಡಿನವನ ಹಿಂಸೆಗೊಳಗಾದ ಮಡದಿಗೆ ತನಗಾಗಿ ತಾನೇ ಮೊದಲ ಅರ್ಜಿಯನ್ನು ಹಾಕುವ ಹಕ್ಕೂ ಬಂದಿದೆ. ಗಂಡನು ಬರೆದ ಮುಚ್ಚಳಿಕೆ ವಿಚ್ಛೇದನದಿಂದ ಮುಗಿಯುವುದಿಲ್ಲವೆಂಬುದನ್ನೂ ತಿಳಿದಿರಬೇಕು. ಆಕೆ ಪೌರಳಾಗುವವರೆಗೆ, ಅಥವಾ ಸುಮಾರು ಹತ್ತು ವರ್ಷದ ದುಡಿಮೆ ಲೆಕ್ಕಕ್ಕೆ ಬರುವವರೆಗೆ, ಅಥವಾ ಆ ದೇಶದ ವಾಸವನ್ನು ಬಿಡುವವರೆಗೆ ಅದು ಅವನನ್ನು ಕಟ್ಟಿಹಾಕಿರುತ್ತದೆ. ಕೆನಡದಲ್ಲಿ 2012ರಲ್ಲಿ ತಂದಿದ್ದ ಎರಡು ವರ್ಷದ ಷರತ್ತನ್ನು, ಹೆಂಗಸರು ಹಿಂಸೆಯನ್ನು ಸಹಿಸಿಕೊಂಡೇ ಇರುವಂತಾಗುತ್ತದೆಂಬ ಕಾರಣದಿಂದ 2017ರಲ್ಲಿ ತೆಗೆದುಹಾಕಿದರು. ನಮ್ಮಲ್ಲಿ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿಗಳ ಮದುವೆಯ ದೂರುಗಳಿಗೆಂದೇ ಒಂದು ವಿಭಾಗವಿದೆ; ಅನಿವಾಸಿಗಳ ಮದುವೆಗೆ ನೋಂದಣಿ ಕಡ್ಡಾಯವಾಗಬೇಕೆಂದು ಕಾನೂನು ಆಯೋಗವು 2024ರ ವರದಿಯಲ್ಲಿ ಹೇಳಿದೆ. ಮಗಳನ್ನು ಕಳುಹಿಸುವ ತಾಯಿ ಕುಂಕುಮ ಭರಣಿಯೊಡನೆ, ಪಾಸ್‌ಪೋರ್ಟು, ಮದುವೆಯ ಪತ್ರ, ಮುಚ್ಚಳಿಕೆ ಇವುಗಳ ಪ್ರತಿಯೊಂದನ್ನು ಮಗಳ ಕೈಗೂ ಮತ್ತೊಂದನ್ನು ತನ್ನ ಪೆಟ್ಟಿಗೆಗೂ ಹಾಕಿಕೊಳ್ಳಲಿ.

ಹೆತ್ತವರ ವಿಷಯದಲ್ಲಿ ಮಕ್ಕಳ ಪ್ರೀತಿ ಕೆಲವು ವೇಳೆ ಲೆಕ್ಕ ತಪ್ಪುತ್ತದೆ. ‘ಅಪ್ಪ ಅಮ್ಮನಿಗೂ ಗ್ರೀನ್ ಕಾರ್ಡು ಮಾಡಿಸಿಬಿಡುತ್ತೇನೆ, ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ’ ಎನ್ನುವ ಮಗನು, ಆ ಕಾರ್ಡು ಅಲ್ಲಿ ನೆಲೆನಿಂತವರಿಗೆ ಮಾತ್ರವೆಂಬುದನ್ನು ಮರೆತಿರುತ್ತಾನೆ. ಆರು ತಿಂಗಳು ಮೀರಿ ಹೊರಗಿದ್ದರೆ ಬಾಗಿಲಲ್ಲಿ ಪ್ರಶ್ನೆ ಕೇಳುತ್ತಾರೆ. ಮರುಪ್ರವೇಶದ ಅಪ್ಪಣೆಯಿಲ್ಲದೆ ವರ್ಷ ಮೀರಿದರೆ ವಾಸವನ್ನು ಬಿಟ್ಟರೆಂದೇ ಎಣಿಸಬಹುದು. ಕೊಯ್ಲಿನ ಕಾಲಕ್ಕೆ ತೋಟದಲ್ಲಿ ಇರಲೇಬೇಕೆನ್ನುವ ಚನ್ನಗಿರಿಯ ಯಜಮಾನರಿಗೆ ಇದು ಒಗ್ಗುವ ಏರ್ಪಾಡಲ್ಲ. ಅಂಥವರಿಗೆ ಸಂದರ್ಶಕರ ವೀಸಾವೇ ಮೇಲು. ಕೆನಡದವರ ಸೂಪರ್ ವೀಸಾದಲ್ಲಿ 2022ರ ಜುಲೈಯಿಂದ ಒಂದು ಸಲಕ್ಕೆ 5 ವರ್ಷದವರೆಗೂ ಇರಬಹುದಾಗಿದೆ. ಅಲ್ಲಿ ತಂದೆತಾಯಿಗಳ ಶಾಶ್ವತವಾಸಕ್ಕೆ ಚೀಟಿ ಎತ್ತುವ ಪದ್ಧತಿ ಬಂದಿದ್ದು, 2025ರಲ್ಲಿ ಕರೆದದ್ದು 2020ರಲ್ಲಿ ಹೆಸರು ಕೊಟ್ಟಿದ್ದವರನ್ನೇ.

ಜಮೀನಿನ ಚಿಂತೆಯೂ ಹಲವರಿಗುಂಟು. ಶಾಶ್ವತವಾಸದ ಹಕ್ಕು ಪಡೆದ ಮಾತ್ರಕ್ಕೆ ಭಾರತದ ಪೌರತ್ವ ಹೋಗದು; ಆ ದೇಶದ ಪೌರನಾದಾಗ ಹೋಗುವುದು. ಅನಿವಾಸಿಯಾದವನು ಇಲ್ಲಿ ಹೊಸದಾಗಿ ಸಾಗುವಳಿ ಜಮೀನನ್ನು ಕೊಳ್ಳಲಾರನು; ಆದರೆ ಹಿರಿಯರಿಂದ ಉತ್ತರಾಧಿಕಾರವಾಗಿ ಬರುವುದಕ್ಕೆ ಅಡ್ಡಿಯಿಲ್ಲ. ತೋಟವನ್ನು ಮಾರಿ ಮಗನ ಬೆನ್ನು ಹತ್ತಬೇಕೆಂದಿರುವವರು, ಅಲ್ಲಿ ಮನಸ್ಸು ನಿಲ್ಲದೆ ಹಿಂದಿರುಗಿದರೆ ಕಾಲಿಡಲು ನೆಲವಿರಲೆಂದು ಒಂದೆರಡು ಎಕರೆಯನ್ನಾದರೂ ಉಳಿಸಿಕೊಂಡು, ಪಹಣಿಯನ್ನು ತಮ್ಮ ಹೆಸರಿನಲ್ಲೇ ಇಟ್ಟುಕೊಂಡು ಹೊರಡುವುದು ಲೇಸು.